ಪದಚರ್ಚೆ: ನೆಟ್‌ವರ್ಕಿನ ‘ಬ್ರಿಡ್ಜ್’ ಸೇತುವೆಯೇ, ಸಂಕವೇ, ಓಣಿಯೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಡಿಪ್ಲೊಮಾ ವಿದ್ಯಾರ್ಥಿಗಳ ಲ್ಯಾಬಿಗೆಂದು ಲಿನಕ್ಸ್ ನೆಟ್‌ವರ್ಕಿನ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದೇ ಲಿನಕ್ಸ್ ಯಂತ್ರದೊಳಗೆ ಕೆವಿಎಂ ಎಂಬ ತಂತ್ರಾಂಶ ಬಳಸಿ ನಾಲ್ಕೈದು ವರ್ಚುವಲ್ ಮಷೀನುಗಳನ್ನು (ತಂತ್ರಾಂಶದಿಂದಲೇ ಆದ ಯಂತ್ರಗಳನ್ನು) ಎಬ್ಬಿಸಿ, ಅವಕ್ಕೆ ಕಾಲೇಜಿನ ನೆಟ್‌ವರ್ಕಿನ ಜೊತೆ ನೇರ ಸಂಪರ್ಕ ಕೊಡುವ ಅಧ್ಯಾಯಕ್ಕೆ ಬಂದಿದ್ದೇನೆ. ಅಲ್ಲಿ ಒಂದು ಪದದ ಹತ್ತಿರ ಕೈ ಕಟ್ಟಿಹೋಗಿದೆ: ಬ್ರಿಡ್ಜ್, ಅಂದರೆ ಹಲವು ಕೇಬಲ್‌ಗಳನ್ನೋ ಯಂತ್ರಗಳನ್ನೋ ಒಂದೇ ನೆಟ್‌ವರ್ಕಾಗಿ ಕೂಡಿಸುವ ಸಾಧನ.

ಮೊದಲ ಕರಡಿನಲ್ಲಿ ಹೆಚ್ಚು ಯೋಚಿಸದೆ ‘ಸೇತುವೆ’ ಎಂದು ಬರೆದಿದ್ದೆ. ನಿಘಂಟಿನ ಪ್ರಕಾರ ಅದರಲ್ಲಿ ತಪ್ಪೇನಿಲ್ಲ. ಆದರೆ ಕಳೆದ ತಿಂಗಳು ಒಬ್ಬಳು ವಿದ್ಯಾರ್ಥಿನಿ ಅದೇ ಕರಡನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಸರ್ವರ್ ಇರುವುದು ಮೇಲಿನ ಮಹಡಿಯಲ್ಲಿ, ಇವಳು ಕೆಳಗಿನ ಲ್ಯಾಬಿನಿಂದ, ದೂರದಿಂದಲೇ ಕಮಾಂಡ್ ಕೊಡಲು ಬಿಡುವ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿದ್ದಳು. ‘ಬಿಆರ್0’ ಎಂಬ ಬ್ರಿಡ್ಜ್ ಮಾಡಿದಳು, ಅದನ್ನು ಎಬ್ಬಿಸಿದಳು, ಆಮೇಲೆ ಸರ್ವರಿನ ನೆಟ್‌ವರ್ಕ್ ಕಾರ್ಡನ್ನು ಅದಕ್ಕೆ ಸೇರಿಸುವ ಕಮಾಂಡ್ ಹೊಡೆದು ಎಂಟರ್ ಒತ್ತಿದಳು. ಕರ್ಸರ್ ಅಲ್ಲೇ ನಿಂತಿತು. ಮತ್ತೆ ಎಂಟರ್ ಒತ್ತಿದಳು. ಏನೂ ಇಲ್ಲ. ‘ಸರ್, ಸರ್ವರ್ ಮಲಗಿಬಿಡ್ತು’ ಅಂದಳು.

ಮೇಲೆ ಹೋಗಿ ಮಾನಿಟರ್ ಹಾಕಿ ನೋಡಿದರೆ ಸರ್ವರ್ ಎದ್ದೇ ಇತ್ತು. ಐಪಿ ವಿಳಾಸ ಮಾತ್ರ ಹಳೆಯ ಜಾಗದಲ್ಲಿ, ಅಂದರೆ ಕಾರ್ಡಿನ ಮೇಲೆಯೇ ಉಳಿದಿತ್ತು. ಬಿಆರ್0 ಮೇಲೆ ವಿಳಾಸವೇ ಇರಲಿಲ್ಲ. ಲಿನಕ್ಸಿನಲ್ಲಿ ಬ್ರಿಡ್ಜ್ ಮಾಡುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಕಾರ್ಡು ಬ್ರಿಡ್ಜಿಗೆ ಸೇರಿದ ಮೇಲೆ ಅದಕ್ಕೆ ಬಂದ ಫ್ರೇಮುಗಳನ್ನು (ದತ್ತಾಂಶದ ಕಟ್ಟುಗಳನ್ನು) ಬ್ರಿಡ್ಜ್ ಎತ್ತಿಕೊಳ್ಳುತ್ತದೆ, ಕಾರ್ಡು ಬರೀ ತಂತಿಯ ತುದಿಯಾಗುತ್ತದೆ. ವಿಳಾಸವನ್ನೂ ಡಿಫಾಲ್ಟ್ ರೂಟನ್ನೂ (ಹೊರಗೆ ಹೋಗುವ ದಾರಿಯ ನಮೂದನ್ನೂ) ಬಿಆರ್0ಗೆ ವರ್ಗಾಯಿಸಬೇಕು. ದೂರದಿಂದ ಮಾಡುವುದಾದರೆ ಈ ಕಮಾಂಡುಗಳನ್ನೆಲ್ಲ ಒಂದೇ ಸ್ಕ್ರಿಪ್ಟಿನಲ್ಲಿಟ್ಟು ಒಟ್ಟಿಗೆ ಓಡಿಸಬೇಕು. ಇಲ್ಲವಾದರೆ ಕೂತ ಕೊಂಬೆ ಕಡಿದಂತೆ.

ವಿಳಾಸ ಯಾಕೆ ಬದಲಿಸಲಿಲ್ಲ ಎಂದು ಕೇಳಿದೆ. ‘ಸೇತುವೆ ಕಟ್ಟಿದ್ರೆ ಈ ದಡದಲ್ಲಿರೋ ಮನೆಯ ನಂಬರ್ ಯಾಕೆ ಬದಲಾಗ್ಬೇಕು ಸರ್?’ ಅಂದಳು.

ಅವಳು ಕೇಳಿದ್ದು ಸರಿ. ಸೇತುವೆ ಕಟ್ಟಿದ ಮೇಲೂ ಎರಡು ದಡಗಳು ಎರಡಾಗಿಯೇ ಇರುತ್ತವೆ, ಮನೆಗಳು ಇದ್ದಲ್ಲೇ ಇರುತ್ತವೆ. ನಾನು ಬರೆದ ಪದ ಅವಳನ್ನು ತಪ್ಪು ಜಾಗಕ್ಕೆ ಕರೆದುಕೊಂಡು ಹೋಯಿತು. ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಹುಟ್ಟಿದ ಕಾಲಕ್ಕೆ ಬ್ರಿಡ್ಜ್ ಎಂಬ ಹೆಸರು ಒಪ್ಪುತ್ತಿತ್ತು. ಆಗಿನ ಈಥರ್ನೆಟ್ ಅಂದರೆ ಕಟ್ಟಡದ ಉದ್ದಕ್ಕೂ ಎಳೆದ ಒಂದು ದಪ್ಪ ಕೇಬಲ್. ಅಂಥ ಎರಡು ಕೇಬಲ್‌ಗಳ ನಡುವೆ ಎರಡು ಬಾಯಿಯ ಪೆಟ್ಟಿಗೆ ಇಟ್ಟರೆ ಅದೇ ಬ್ರಿಡ್ಜ್. ಈಚೆ ದಡ, ಆಚೆ ದಡ ಎರಡೂ ಕಣ್ಣಿಗೆ ಕಾಣುತ್ತಿದ್ದವು. ಇಂಥ ಪೆಟ್ಟಿಗೆಗಳು ಒಂದಕ್ಕೊಂದು ಸುತ್ತುಗಟ್ಟಿಕೊಂಡು ಒಂದೇ ಫ್ರೇಮು ಕೊನೆಯಿಲ್ಲದೆ ತಿರುಗುವುದನ್ನು ತಪ್ಪಿಸಲೆಂದು ಅಮೆರಿಕದ ಕಂಪ್ಯೂಟರ್ ತಜ್ಞೆ ರೇಡಿಯಾ ಪರ್ಲ್‌ಮನ್ 1985ರಲ್ಲಿ ಸ್ಪ್ಯಾನಿಂಗ್ ಟ್ರೀ ಎಂಬ ವಿಧಾನವನ್ನು ರೂಪಿಸಿದರು. 1990ರಲ್ಲಿ ಅಮೆರಿಕದ ‘ಕಲ್ಪನಾ’ ಎಂಬ ಕಂಪನಿ (ಅದರ ಸ್ಥಾಪಕರಲ್ಲಿ ಒಬ್ಬರು ವಿನೋದ್ ಭಾರದ್ವಾಜ್) ಏಳು ಬಾಯಿಯ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದು ‘ಈಥರ್‌ಸ್ವಿಚ್’ ಎಂದು ಹೆಸರಿಟ್ಟಿತು. ಮಾಡುವ ಕೆಲಸ ಬ್ರಿಡ್ಜಿನದ್ದೇ, ಬಾಯಿಗಳು ಮಾತ್ರ ಹೆಚ್ಚು. 1994ರಲ್ಲಿ ಆ ಕಂಪನಿಯನ್ನು ಸಿಸ್ಕೊ ಕೊಂಡುಕೊಂಡಿತು. ಪೆಟ್ಟಿಗೆಗಳೆಲ್ಲ ಮೆಲ್ಲಗೆ ಸ್ವಿಚ್ ಆದವು. ಲಿನಕ್ಸ್ ಕರ್ನೆಲಿನೊಳಗೆ (ಅದರ ತಿರುಳಿನೊಳಗೆ) ಮಾತ್ರ ಹಳೆಯ ಹೆಸರು ಉಳಿಯಿತು. ಇಂದು ಬಿಆರ್0 ಎಂದು ನಾವು ಮಾಡುವುದು ಯಂತ್ರದ ಹೊಟ್ಟೆಯೊಳಗಿನ ಒಂದು ಸ್ವಿಚ್. ಇಂಗ್ಲಿಷಿನವರೇ ಪೆಟ್ಟಿಗೆಯ ಮಟ್ಟಿಗೆ ಕೈಬಿಟ್ಟ ಪದವನ್ನು ನಾವು ಅಕ್ಷರಶಃ ಹೊತ್ತುಕೊಂಡರೆ ಆ ಹೆಸರಿನ ಗೊಂದಲವೂ ಜೊತೆಗೆ ಬರುತ್ತದೆ.

ನನ್ನ ತಾಯಿಯ ಊರು ತೀರ್ಥಹಳ್ಳಿ ಕಡೆ. ಹಳ್ಳಕ್ಕೆ ಅಡ್ಡಲಾಗಿ ಎರಡು ಅಡಿಕೆ ಮರ ಹಾಕಿ, ಹಿಡಿಯಲು ಒಂದು ಬಿದಿರು ಕಟ್ಟಿದರೆ ಅದು ಸಂಕ. ತುಳು ಮಾತಾಡುವ ಗೆಳೆಯರು ಕಾಂಕ್ರೀಟಿನ ದೊಡ್ಡ ಸೇತುವೆಯನ್ನೂ ಸಂಕ ಅನ್ನುತ್ತಾರೆ. ಎರಡೇ ಅಕ್ಷರ, ‘ಸಂಕಕ್ಕೆ ಸೇರಿಸು’, ‘ಸಂಕದಿಂದ ತೆಗೆ’ ಎಂದು ವಿಭಕ್ತಿಯೂ ಸಲೀಸಾಗಿ ಹತ್ತುತ್ತದೆ. ನನಗೆ ಬಹಳ ಇಷ್ಟವಾದ ಪದ. ಆದರೆ ದಡದ ತೊಂದರೆ ಸಂಕಕ್ಕೂ ತಪ್ಪಿದ್ದಲ್ಲ. ಇಷ್ಟವಾಯಿತು ಎಂಬ ಕಾರಣಕ್ಕೆ ಅದನ್ನು ಮಕ್ಕಳ ಮೇಲೆ ಹೇರಲಾರೆ.

ಹಾಗಾದರೆ ಸರಿಯಾದ ಚಿತ್ರ ಯಾವುದು? ಪಾಠ ಮಾಡುವಾಗ ನನಗೆ ಒದಗಿದ್ದು ವಠಾರ. ಒಂದು ಕಾಂಪೌಂಡಿನೊಳಗೆ ಐದಾರು ಬಾಡಿಗೆ ಮನೆ, ಮಾಲೀಕರೂ ಅಲ್ಲೇ ಒಂದು ಮನೆಯಲ್ಲಿ. ವರ್ಚುವಲ್ ಮಷೀನುಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಎಂಬ ತಂತ್ರಾಂಶ ತಾನಾಗಿಯೇ ಮಾಡಿಕೊಡುವ ‘ವರ್ಬಿಆರ್0’ ಇರುತ್ತದಲ್ಲ, 192.168.122 ಎಂದು ಶುರುವಾಗುವ ವಿಳಾಸಗಳದ್ದು, ಅದರ ವ್ಯವಸ್ಥೆ ಹಳೇ ವಠಾರದ್ದು. ಯಾರಿಗೆ ಕಾಗದ ಬಂದರೂ ಮಾಲೀಕರ ವಿಳಾಸಕ್ಕೇ ಬರಬೇಕು, ಅವರು ನೋಡಿ ಹಂಚಬೇಕು. ಒಳಗಿನವರು ಹೊರಗೆ ಕಾಗದ ಹಾಕಬಹುದು, ಹೊರಗಿನವರು ಒಳಗಿನವರನ್ನು ನೇರ ಕೂಗುವ ಹಾಗಿಲ್ಲ. ಐಪಿಟೇಬಲ್ಸ್ ಎಂಬ ಲಿನಕ್ಸಿನ ಫೈರ್‌ವಾಲ್ ತಂತ್ರಾಂಶದಲ್ಲಿ ಈ ಕೆಲಸದ ಹೆಸರು ‘ಮಾಸ್ಕರೇಡ್’. ಕನ್ನಡದಲ್ಲಿ ‘ವೇಷ ಕಟ್ಟುವುದು’ ಎಂದರೆ ಸಾಕು, ಕರಾವಳಿಯ ಹುಡುಗರಿಗೆ ಎರಡನೇ ವಾಕ್ಯ ಬೇಡ. ಒಳಗಿನ ಯಂತ್ರದ ಮಾತು ಮಾಲೀಕನ ವೇಷ ಕಟ್ಟಿಕೊಂಡು ಹೊರಗೆ ಹೋಗುತ್ತದೆ.

ಬ್ರಿಡ್ಜ್ ಮಾಡಿದಾಗ ಆಗುವುದು ಬೇರೆ. ಪ್ರತಿ ಮನೆಗೂ ಬೀದಿಯ ಕಡೆ ಬಾಗಿಲು, ಪ್ರತಿ ಮನೆಗೂ ತನ್ನದೇ ನಂಬರು. ಮುಖ್ಯವಾದ ಮಾತು ಇಲ್ಲಿದೆ: ಮಾಲೀಕರ ಮನೆಯೂ ಅದೇ ಸಾಲಿನ ಇನ್ನೊಂದು ಮನೆ. ಬಿಆರ್0 ಎಂಬ ಒಂದೇ ಹೆಸರು ಲಿನಕ್ಸಿನಲ್ಲಿ ಎರಡನ್ನು ಸೂಚಿಸುತ್ತದೆ: ಎಲ್ಲರೂ ಸೇರುವ ಜಾಗ, ಮತ್ತು ಆ ಜಾಗಕ್ಕೆ ಸರ್ವರ್ ತೆರೆದಿಟ್ಟ ತನ್ನ ಬಾಗಿಲು. ಕಾರ್ಡು ಎಂಬುದು ಆ ಜಾಗ ದೊಡ್ಡ ರಸ್ತೆಗೆ ಕೂಡುವ ತಿರುವು. ತಿರುವಿನಲ್ಲಿ ಯಾರೂ ಮನೆ ನಂಬರ್ ಬರೆಯುವುದಿಲ್ಲ, ಬಾಗಿಲ ಮೇಲೆ ಬರೆಯುತ್ತಾರೆ. ಇಷ್ಟು ಹೇಳಿದ ಮೇಲೆ ಅದೇ ವಿದ್ಯಾರ್ಥಿನಿ ವಿಳಾಸ ಎಲ್ಲಿರಬೇಕೆಂದು ನನ್ನನ್ನು ಕೇಳಲಿಲ್ಲ, ಅವಳೇ ಬಿಆರ್0 ಮೇಲೆ ಹಾಕಿದಳು.

ಆ ‘ಜಾಗ’ಕ್ಕೆ ನಾನು ‘ಅಂಗಳ’ ಎಂದು ಬರೆದಿದ್ದೆ. ಧಾರವಾಡದ ಕಡೆಯ ಸಹೋದ್ಯೋಗಿಯೊಬ್ಬರು ಓದಿ, ‘ಅಂಗಳ ಅಂದ್ರ ಒಬ್ಬರ ಮನಿದು ಆತು. ಓಣಿ ಅನ್ರಿ, ಅದು ಎಲ್ಲಾರ್ದು’ ಅಂದರು. ಅಂದಿನಿಂದ ಓಣಿಯ ಕಡೆ ವಾಲಿದ್ದೇನೆ. ಓಣಿಯಲ್ಲಿ ನಿಂತು ಕೂಗಿದರೆ ಎಲ್ಲ ಮನೆಗೂ ಕೇಳುತ್ತದೆ. ಎಆರ್‌ಪಿ ಎಂಬ ವಿಳಾಸ ಹುಡುಕುವ ಪದ್ಧತಿ ಮಾಡುವುದು ಅದನ್ನೇ, ‘192.168.1.40 ಯಾರಪ್ಪಾ?’ ಎಂದು ಕೂಗುವುದು. ಇದ್ದವರು ‘ನಾನು, ನನ್ನ ಮ್ಯಾಕ್ ವಿಳಾಸ ಇದು’ ಅನ್ನುತ್ತಾರೆ (ಮ್ಯಾಕ್ ಅಂದರೆ ಕಾರ್ಡಿನ ಗುರುತು ಸಂಖ್ಯೆ). ಯಾರ ದನಿ ಯಾವ ಬಾಗಿಲಿನಿಂದ ಬಂತೆಂದು ಬ್ರಿಡ್ಜ್ ನೆನಪಿಟ್ಟುಕೊಳ್ಳುತ್ತದೆ. ಸದ್ದಿಲ್ಲದಿದ್ದರೆ 300 ಸೆಕೆಂಡಿಗೆ ಮರೆಯುತ್ತದೆ. ಒಂದು ವರ್ಚುವಲ್ ಮಷೀನನ್ನು ಕಾಪಿ ಮಾಡಿ ಮ್ಯಾಕ್ ವಿಳಾಸ ಬದಲಿಸುವುದನ್ನು ಮರೆತರೆ, ಒಂದೇ ಓಣಿಯ ಎರಡು ಬಾಗಿಲಿನಿಂದ ಒಂದೇ ದನಿ ಬಂದಂತೆ. ಕಾಗದ ಒಮ್ಮೆ ಇತ್ತ, ಒಮ್ಮೆ ಅತ್ತ. ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್) ಹೊಡೆದರೆ ನಾಲ್ಕು ಉತ್ತರ ಬರುತ್ತದೆ, ಮೂರು ಕಳೆದುಹೋಗುತ್ತದೆ.

ಲ್ಯಾಪ್‌ಟಾಪಿನ ವೈಫೈಯನ್ನು ಬ್ರಿಡ್ಜಿಗೆ ಸೇರಿಸಲು ಹೋಗಿ ಸೋಲುವವರಿಗೂ ಈ ಚಿತ್ರ ನೆರವಾಗುತ್ತದೆ. ವೈಫೈ ಕೊಡುವ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟ್, ತನ್ನ ಬಳಿ ಹೆಸರು ಬರೆಸಿದ ಒಂದು ಮ್ಯಾಕ್ ವಿಳಾಸವನ್ನು ಮಾತ್ರ ಒಳಗೆ ಬಿಡುತ್ತದೆ, ಹಿಂದೆ ನಿಂತ ವರ್ಚುವಲ್ ಮಷೀನುಗಳು ಅದಕ್ಕೆ ಅಪರಿಚಿತರು.

ಇನ್ನೊಂದು ಪದ ‘ಮಾಸ್ಟರ್’. ಕಾರ್ಡನ್ನು ಬ್ರಿಡ್ಜಿಗೆ ಸೇರಿಸುವ ಕಮಾಂಡಿನಲ್ಲಿ ಬಿಆರ್0 ಮುಂದೆ ಈ ಪದ ಬರುತ್ತದೆ. ಕೆಲವರು ‘ಯಜಮಾನ’ ಎಂದು ಕನ್ನಡಿಸಿದ್ದನ್ನು ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ನಾವಾಗಲಿ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಆಗಲಿ ಬೇರೆ ಮ್ಯಾಕ್ ವಿಳಾಸ ಕೊಡದಿದ್ದರೆ, ಬ್ರಿಡ್ಜ್ ತನಗೆ ಸೇರಿದವುಗಳ ಪೈಕಿ ಅತಿ ಚಿಕ್ಕ ಮ್ಯಾಕ್ ವಿಳಾಸವನ್ನು ತನ್ನದಾಗಿಸಿಕೊಳ್ಳುತ್ತದೆ. ಮನೆಯ ಕಿರಿಯವರ ಗುರುತನ್ನು ಎರವಲು ಪಡೆಯುವವರನ್ನು ಯಜಮಾನ ಅನ್ನುವುದು ಹೇಗೆ? ಇದು ಬರೀ ಪದದ ತಕರಾರಲ್ಲ. ಹೊಸ ವರ್ಚುವಲ್ ಮಷೀನ್ ಎದ್ದಾಗ ಅದರ ಟ್ಯಾಪ್ (ಬ್ರಿಡ್ಜಿಗೆ ಸೇರುವ ಹೊರತುದಿ) ವಿಳಾಸ ಚಿಕ್ಕದಾಗಿದ್ದರೆ ಬಿಆರ್0ದ ಗುರುತೇ ಬದಲಾಗಿ, ಸರ್ವರಿನ ಸಂಪರ್ಕ ಸ್ವಲ್ಪ ಹೊತ್ತು ಕಡಿದುಹೋಗಬಹುದು. ಅದಕ್ಕೇ ಲಿಬ್‌ವರ್ಟ್ ಒಳಗಿನ ಯಂತ್ರಕ್ಕೆ 52:54:00 ಎಂದು ಶುರುವಾಗುವ ವಿಳಾಸ ಕೊಟ್ಟು, ಹೊರಗಿನ ಟ್ಯಾಪ್ ತುದಿಗೆ ಎಫ್‌ಇ:54:00 ಎಂದು ಇಡುತ್ತದೆ. ಎಫ್‌ಇ ದೊಡ್ಡ ಸಂಖ್ಯೆ, ಅದು ಚಿಕ್ಕದಾಗಿ ಗೆಲ್ಲುವ ಸಂಭವವೇ ಇಲ್ಲದಷ್ಟು ಕಡಿಮೆ. ಹಾಗಾಗಿ ಕೈಪಿಡಿಯಲ್ಲಿ ಮಾಸ್ಟರ್ ಪದವನ್ನು ಕಮಾಂಡಿನೊಳಗೇ ಬಿಟ್ಟು, ವಿವರಣೆಯಲ್ಲಿ ‘ಸೇರಿಸು’ ಎಂಬ ಕ್ರಿಯಾಪದವನ್ನಷ್ಟೇ ಬಳಸಿದ್ದೇನೆ.

ಈಗ ನನ್ನನ್ನು ಹೆಚ್ಚು ಕಾಡುತ್ತಿರುವ ಪದ, ‘ಫಾರ್ವರ್ಡ್’. ಬ್ರಿಡ್ಜ್ ಒಂದು ಬಾಗಿಲಿನಿಂದ ಬಂದ ಫ್ರೇಮನ್ನು ಇನ್ನೊಂದಕ್ಕೆ ಕೊಡುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ, ರೌಟರ್ ಒಂದು ನೆಟ್‌ವರ್ಕಿನ ಪ್ಯಾಕೆಟ್ಟನ್ನು ಇನ್ನೊಂದು ನೆಟ್‌ವರ್ಕಿಗೆ ಕಳಿಸುವುದಕ್ಕೂ ಅದೇ ಪದ. ಎರಡೂ ಬೇರೆ ಬೇರೆ ಪದರದ ಕೆಲಸ. ಈ ಗೊಂದಲದ ಬೆಲೆ ಏನೆಂದು ನಮ್ಮ ಲ್ಯಾಬಿನಲ್ಲಿ ಎರಡು ದಿನ ನೋಡಿದೆವು. ಸರ್ವರಿನಲ್ಲಿ ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಹಾಕಿದ ಮೇಲೆ ವರ್ಚುವಲ್ ಮಷೀನುಗಳು ಸರ್ವರಿಗೆ ಸಿಗುತ್ತವೆ, ಸರ್ವರ್ ಅವಕ್ಕೆ ಸಿಗುತ್ತದೆ, ಹೊರಗಿನ ಗೇಟ್‌ವೇ (ಬೇರೆ ನೆಟ್‌ವರ್ಕುಗಳಿಗೆ ಹೋಗುವ ಹೆಬ್ಬಾಗಿಲು) ಮಾತ್ರ ಸಿಗದು. ಆಶ್ಚರ್ಯವೆಂದರೆ ಮಷೀನಿನ ಒಳಗೆ ಎಆರ್‌ಪಿ ಪಟ್ಟಿ ನೋಡಿದರೆ ಗೇಟ್‌ವೇಯ ಮ್ಯಾಕ್ ವಿಳಾಸ ಸರಿಯಾಗಿ ಕೂತಿದೆ! ಕೂಗು ದಾಟುತ್ತಿದೆ, ಕಾಗದ ದಾಟುತ್ತಿಲ್ಲ.

ಕಾರಣ ‘ಬಿಆರ್_ನೆಟ್‌ಫಿಲ್ಟರ್’ ಎಂಬ ಕರ್ನೆಲ್ ಮಾಡ್ಯೂಲು. ಅದು ಕೂತಿದ್ದು ‘ಬ್ರಿಡ್ಜ್-ಎನ್ಎಫ್-ಕಾಲ್-ಐಪಿಟೇಬಲ್ಸ್’ ಎಂಬ ಸೆಟ್ಟಿಂಗಿನ ಬೆಲೆ 1 ಆಗಿದ್ದರೆ, ಓಣಿಯೊಳಗೇ ಓಡಾಡುವ ಐಪಿ ಪ್ಯಾಕೆಟ್ಟುಗಳೂ ರೌಟರಿನ ಚೌಕಿಗೆ, ಅಂದರೆ ಐಪಿಟೇಬಲ್ಸಿನ ಫಾರ್ವರ್ಡ್ ಸರಣಿಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು. ಡಾಕರ್ ಆ ಸರಣಿಯ ನೀತಿಯನ್ನು ಡ್ರಾಪ್ (ಬಿಸಾಡು) ಎಂದು ಬದಲಿಸಿರುತ್ತದೆ. ಎಆರ್‌ಪಿ ಐಪಿಟೇಬಲ್ಸಿನ ವ್ಯಾಪ್ತಿಗೆ ಬರುವುದಿಲ್ಲ, ಹಾಗಾಗಿ ಕೂಗು ಮಾತ್ರ ದಾಟುತ್ತದೆ. ಬಿಆರ್0ಯಿಂದ ಬಿಆರ್0ಗೇ ಹೋಗುವುದನ್ನು ಒಪ್ಪುವ ಒಂದು ನಿಯಮವನ್ನು ‘ಡಾಕರ್-ಯೂಸರ್’ ಸರಣಿಗೆ ಸೇರಿಸಿದ ಕೂಡಲೇ ಎಲ್ಲವೂ ಸಿಕ್ಕಿತು. ಆ ಎರಡು ದಿನ ಹುಡುಗರು ‘ಇದು ಬ್ರಿಡ್ಜ್ ತಾನೆ, ಫಾರ್ವರ್ಡ್ ಅಂದರೆ ಬ್ರಿಡ್ಜಿನದ್ದೇ’ ಎಂದುಕೊಂಡು ಬ್ರಿಡ್ಜನ್ನೇ ಕಿತ್ತು ಕಟ್ಟುತ್ತಿದ್ದರು.

ಕನ್ನಡದಲ್ಲಿ ಇವೆರಡನ್ನು ಬೇರ್ಪಡಿಸಲು ಸಾಧ್ಯ. ಬ್ರಿಡ್ಜ್ ಮಾಡುವುದಕ್ಕೆ ‘ದಾಟಿಸು’, ರೌಟರ್ ಮಾಡುವುದಕ್ಕೆ ‘ರವಾನಿಸು’ ಎಂದು ನಿಯತವಾಗಿ ಬಳಸಿದರೆ ಇಂಗ್ಲಿಷಿಗಿಂತ ನಮ್ಮ ಪುಸ್ತಕ ಸ್ಪಷ್ಟವಾಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದೇನೆ. ಸ್ಪ್ಯಾನಿಂಗ್ ಟ್ರೀ ಚಾಲೂ ಇದ್ದಾಗ ಬ್ರಿಡ್ಜಿನ ಬಾಗಿಲು ಮೊದಲು 15 ಸೆಕೆಂಡು ‘ಆಲಿಸುತ್ತದೆ’, ಮತ್ತೆ 15 ಸೆಕೆಂಡು ‘ಕಲಿಯುತ್ತದೆ’, ಆಮೇಲಷ್ಟೇ ‘ದಾಟಿಸುತ್ತದೆ’ ಎಂದು ಬರೆದಾಗ, ಆಗಷ್ಟೇ ಎದ್ದ ಮಷೀನು ಡಿಎಚ್‌ಸಿಪಿ ವಿಳಾಸ (ನೆಟ್‌ವರ್ಕ್ ತಾನಾಗಿ ಕೊಡುವ ಐಪಿ ವಿಳಾಸ) ಸಿಗದೆ ಯಾಕೆ ಒದ್ದಾಡುತ್ತದೆ ಎಂಬುದು ಆ ಮೂರು ಕ್ರಿಯಾಪದಗಳಲ್ಲೇ ಕಾಣುತ್ತದೆ.

‘ಹೋಸ್ಟ್’, ‘ಗೆಸ್ಟ್’ (ಹೊತ್ತುಕೊಂಡ ಯಂತ್ರ, ಅದರೊಳಗಿನ ವರ್ಚುವಲ್ ಮಷೀನ್) ಬಗ್ಗೆ ಚುಟುಕಾಗಿ. ಆತಿಥೇಯ, ಅತಿಥಿ ಎಂಬ ಜೋಡಿ ಬಳಕೆಯಲ್ಲಿದೆ. ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ ಕೊನೆಯ ಬೆಂಚಿಗೆ ಎರಡೂ ಒಂದೇ ಥರ ಕೇಳುತ್ತವೆ, ಬರೆಯುವಾಗ ‘ಅತಿಥೇಯ’ ಎಂಬ ತಪ್ಪೂ ನುಸುಳುತ್ತದೆ. ಕಮಾಂಡ್ ಎಲ್ಲಿ ಹೊಡೆಯಬೇಕು ಎಂಬುದೇ ತಪ್ಪಿಹೋಗುವಂಥ ಕಡೆ ಇಷ್ಟು ಹತ್ತಿರದ ಪದಗಳು ಬೇಡ. ‘ಮನೆಯಂತ್ರ’, ‘ಒಕ್ಕಲುಯಂತ್ರ’ ಎಂದು ಪ್ರಯತ್ನಿಸಿದೆ. ಒಕ್ಕಲು ಎಂಬುದಕ್ಕೆ ಇನ್ನೊಬ್ಬರ ನೆಲದಲ್ಲಿದ್ದು ಬಾಳುವ ಅರ್ಥ ಇದೆ, ವರ್ಚುವಲ್ ಮಷೀನಿನ ಸ್ಥಿತಿಯೂ ಅದೇ. ‘ವರ್ಚುವಲ್’ ಪದವನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಭೌತಶಾಸ್ತ್ರದ ಪಾಠದಲ್ಲಿ ‘ಮಿಥ್ಯ ಪ್ರತಿಬಿಂಬ’ ಓದಿದ ಮಕ್ಕಳಿಗೆ ‘ಮಿಥ್ಯಾಯಂತ್ರ’ ಎಂದರೆ ಇಲ್ಲದ ಯಂತ್ರ ಎಂದಾಗುತ್ತದೆ. ಇದು ಇರುವ ಯಂತ್ರ, ಕೆಲಸ ಮಾಡುವ ಯಂತ್ರ.

ಬಲ್ಲವರು ದಯವಿಟ್ಟು ಇಷ್ಟು ತಿಳಿಸಿ. ಕಲ್ಯಾಣ ಕರ್ನಾಟಕದ ಕಡೆ ಓಣಿ ಅಂದರೆ ಎರಡೂ ಬದಿ ಮನೆಗಳಿರುವ ಬೀದಿಯೇ, ಅಥವಾ ಒಂದೇ ಸಮುದಾಯದವರ ಕೇರಿ ಎಂಬ ಛಾಯೆಯೂ ಇದೆಯೇ? ಎರಡನೆಯದಾದರೆ ಪಠ್ಯದಲ್ಲಿ ಆ ಪದ ಬಳಸಲು ನನಗೆ ಮನಸ್ಸಾಗದು. ಮೈಸೂರು, ಹಾಸನ, ಮಂಡ್ಯದ ವಿದ್ಯಾರ್ಥಿಗೆ ಓಣಿ ಥಟ್ಟನೆ ಅರ್ಥವಾಗುತ್ತದೆಯೇ, ಅಥವಾ ಅಂಗಳವೇ ವಾಸಿಯೇ? ಬ್ರಿಡ್ಜಿನ ‘ಪೋರ್ಟ್’ಗೆ ‘ಬಾಗಿಲು’, ಟಿಸಿಪಿಯ ‘ಪೋರ್ಟ್’ಗೆ (ಒಂದು ಯಂತ್ರದ ಒಂದೊಂದು ಸೇವೆಯ ಸಂಖ್ಯೆಗೆ) ‘ಕಿಂಡಿ’ ಎಂದು ಬೇರೆ ಮಾಡಿದರೆ ಪಾಠ ಮಾಡುವ ನಿಮಗೆ ಅನುಕೂಲವೇ? ಕರಾವಳಿಯವರು ಸಂಕದ ಪರವಾಗಿ ವಾದಿಸುವುದಿದ್ದರೆ ಅದನ್ನೂ ಕೇಳಬೇಕೆಂಬ ಆಸೆಯಿದೆ. ಎರಡಕ್ಕಿಂತ ಹೆಚ್ಚು ದಾರಿ ಕೂಡುವ ಕಡೆಯೂ ಸಂಕ ಅನ್ನುವ ರೂಢಿ ನಿಮ್ಮಲ್ಲಿ ಎಲ್ಲಾದರೂ ಇದ್ದರೆ ನಾನು ಈ ಅಧ್ಯಾಯವನ್ನು ಮೊದಲಿನಿಂದ ಬರೆಯಲು ತಯಾರಿದ್ದೇನೆ.