ಮಿಡಿಸೌತೆ ಘಟಕದ ಹೆಂಗಸರಿಗೆ ಮುಕ್ತ ವ್ಯಾಪಾರ ಎಲ್ಲಿ ತಟ್ಟುತ್ತದೆ?

ಪ್ರಶ್ನೆ (ಯಶವಂತಪುರದ ಓದುಗ):
2025ರ ಜುಲೈನಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಮರುತಿಂಗಳೇ ಅಮೆರಿಕ ನಮ್ಮ ಬಹಳಷ್ಟು ಸರಕಿನ ಮೇಲಿನ ಸುಂಕವನ್ನು 50%ಗೆ ಏರಿಸಿತು. ಬೆಂಗಳೂರು, ತುಮಕೂರು ಸುತ್ತಿನ, ರಫ್ತಿಗೆ ಮಿಡಿಸೌತೆ (ಗೆರ್ಕಿನ್, ಉಪ್ಪುನೀರಲ್ಲಿ ಹಾಕಿಡುವ ಸಣ್ಣ ಸೌತೆ) ಸಿದ್ಧಪಡಿಸುವ ಘಟಕಗಳಲ್ಲಿ ಕಾಯಿ ವಿಂಗಡಿಸುವವರು ಬಹುತೇಕ ಹೆಂಗಸರು. ಈ ಏರಿಳಿತದಲ್ಲಿ ಅವರ ಕೂಲಿ ಕಡಿಮೆಯಾಗುತ್ತಾ?

ರಫ್ತು ಲೆಕ್ಕ ಬಲ್ಲವರು:
ಮೊದಲು ಕಡಿಮೆಯಾಗುವುದು ಕೂಲಿ ದರವಲ್ಲ, ಕೆಲಸದ ದಿನಗಳು. ಅದೂ ತಡವಾಗಿ. ಇದು ಸುಮಾರು 90 ದಿನದ ಬೆಳೆ. ಬಿತ್ತಿದ ತಿಂಗಳೊಪ್ಪತ್ತಿಗೆ ಕೊಯ್ಲು ಶುರು. ಕಾಯಿ ಒಂದೇ ದಿನದಲ್ಲಿ ದಪ್ಪವಾಗಿಬಿಡುವುದರಿಂದ ದಿನವೂ ಕೊಯ್ಯಬೇಕು, ಅಂದೇ ವಿಂಗಡಿಸಬೇಕು. ಕಿಲೋಗೆ 160ಕ್ಕಿಂತ ಹೆಚ್ಚು ಕಾಯಿ ನಿಲ್ಲುವ ಸಣ್ಣ ಗಾತ್ರಕ್ಕೆ ಬೆಲೆ ಜಾಸ್ತಿ. ಕಿಲೋಗೆ 30–60 ಬರುವ ದಪ್ಪ ಕಾಯಿಗೆ ಕಡಿಮೆ. ಆಮೇಲೆ ಅದು ಉಪ್ಪುನೀರು, ವಿನೆಗರ್ ತುಂಬಿದ ಡ್ರಮ್ಮಿಗೆ ಹೋಗುತ್ತದೆ.

ಹಾಗಾಗಿ ಸುಂಕ ಏರಿದ ವಾರವೇ ಯಾರ ಕೆಲಸವೂ ನಿಲ್ಲುವುದಿಲ್ಲ. ಹೊಲದಲ್ಲಿರುವ ಬೆಳೆ ಬರುತ್ತಲೇ ಇರುತ್ತದೆ, ಡ್ರಮ್ಮುಗಳು ಗೋದಾಮಿನಲ್ಲಿ ಸೇರುತ್ತವೆ. ಖರೀದಿದಾರ ಆರ್ಡರ್ ತಡೆದರೆ ಕಂಪನಿ ರೈತರಿಗೆ ಮುಂದಿನ ಬಿತ್ತನೆ ಬೀಜ ಕೊಡುವುದನ್ನು ಕಡಿಮೆ ಮಾಡುತ್ತದೆ. ಒಂದೆರಡು ತಿಂಗಳಾದ ಮೇಲೆ ವಿಂಗಡಣೆ ಮೇಜು ಖಾಲಿ. ಗುತ್ತಿಗೆದಾರನ ಮೂಲಕ ಬಂದ ಹೆಂಗಸರಿಗೆ ‘ನಾಳೆ ಬರಬೇಡಿ’ ಅಂದರೆ ಮುಗಿಯಿತು. ಬಾಯ್ಲರ್, ಫೋರ್ಕ್‌ಲಿಫ್ಟ್ ನೋಡಿಕೊಳ್ಳುವ ಕಾಯಂ ಗಂಡಸರು ಉಳಿಯುತ್ತಾರೆ. ಸುಂಕ ಇಳಿದಾಗ ಸಿಗುವ ಲಾಭವೂ ಮೊದಲು ಆಮದುದಾರನ ಕೈಗೇ. ಹೆಂಗಸರ ಪಾಲಿಗೆ ಬರುವುದು ಹೆಚ್ಚೆಂದರೆ ಇನ್ನಷ್ಟು ದಿನದ ಕೆಲಸ.

ಕಾರ್ಮಿಕ ಕಾನೂನು:
ರಫ್ತು ಲೆಕ್ಕದವರು ಹೇಳಿದ್ದು ಸರಿ. ದಿನಗಳು ಹೋದರೆ ಕೂಲಿಯ ಜೊತೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಕ್ಕೂ ಹೋಗುತ್ತದೆ, ನನ್ನ ಪ್ರಕಾರ ದೊಡ್ಡ ನಷ್ಟ ಅದೇ. ತಿಂಗಳಿಗೆ ₹21,000 ತನಕ ವೇತನ ಇರುವವರಿಂದ 0.75%, ಮಾಲೀಕರಿಂದ 3.25% ವಂತಿಗೆ ಕಟ್ಟಬೇಕು. ಕಾಯಿಲೆ ಭತ್ಯೆ ಸಿಗಲು ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿಯಲ್ಲಿ 78 ದಿನದ ವಂತಿಗೆ ಬೇಕು. 26 ವಾರದ ಹೆರಿಗೆ ಭತ್ಯೆಗೆ ಹಿಂದಿನ ಎರಡು ಅವಧಿ ಸೇರಿ 70 ದಿನ. ಆರ್ಡರ್ ಕುಸಿದ ವರ್ಷ ಬಸುರಿ ಹೆಂಗಸು ಈ 70 ದಿನ ತುಂಬಿಸಲೇ ತತ್ತರಿಸುತ್ತಾಳೆ.

ಇನ್ನೊಂದು ತೊಡಕು: ಗುತ್ತಿಗೆದಾರ ಬದಲಾದಾಗ ಹೊಸಬ ಹೊಸ ವಿಮಾ ಸಂಖ್ಯೆ ಮಾಡಿಸಿಬಿಡುತ್ತಾನೆ, ಹಳೇ ದಿನಗಳು ಸೇರುವುದೇ ಇಲ್ಲ. ಸಂಖ್ಯೆ ಜೀವನಪೂರ್ತಿ ಒಂದೇ ಇರಬೇಕು. ಸೇರುವಾಗಲೇ ಹಳೇ ಸಂಖ್ಯೆ ಬರೆಸಿ.

ಪ್ರಶ್ನೆ ಕೇಳಿದವರು:
ಗುತ್ತಿಗೆದಾರ ವಂತಿಗೆ ಹಿಡಿದು ಕಟ್ಟದೇ ಹೋದರೆ?

ಕಾರ್ಮಿಕ ಕಾನೂನು:
ಕಾರ್ಖಾನೆಯೇ ಪ್ರಧಾನ ಮಾಲೀಕ, ಕಟ್ಟುವ ಹೊಣೆ ಅದರದ್ದು. ಇಎಸ್‌ಐಸಿ ಪೋರ್ಟಲ್‌ನಲ್ಲಿ ವಿಮಾ ಸಂಖ್ಯೆ ಹಾಕಿ ಲಾಗಿನ್ ಆದರೆ ತಿಂಗಳವಾರು ದಿನಗಳು ಕಾಣುತ್ತವೆ. ಹಾಜರಿ ಚೀಟಿಯ ಫೋಟೋ ಜೊತೆ ತಾಳೆ ನೋಡಿ. ವ್ಯತ್ಯಾಸ ಇದ್ದರೆ ಎರಡನ್ನೂ ಲಗತ್ತಿಸಿ, ಕಾರ್ಖಾನೆಯ ಹೆಸರು ನಮೂದಿಸಿ ಇಎಸ್‌ಐ ಶಾಖಾ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.