ಗೋಲ್‌ಕೀಪರ್ ವೃತ್ತಿ: ಆಟ ಮುಗಿದ ಮೇಲೆ ಜೀವನ ಹೇಗೆ?

ಪ್ರಶ್ನೆ (ಮರ್ಫಿಟೌನ್ ನಿವಾಸಿ):
ಪಿಯುಸಿ ಓದುತ್ತಿರುವ ನನ್ನ ಮಗ ಸಿ ಡಿವಿಷನ್ ಫುಟ್‌ಬಾಲ್ ಲೀಗ್‌ನಲ್ಲಿ ಗೋಲ್‌ಕೀಪರ್ ಆಗಿದ್ದು, ಇದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದಾನೆ. ಆಡುವಷ್ಟು ದಿನ ಹೇಗೋ ನಡೆದೀತು. ಕೈಗವಸು ಕಳಚಿಟ್ಟ ಮೇಲೆ ಈ ಆಟಗಾರರು ಹೇಗೆ ಬದುಕುತ್ತಾರೆಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಹಳೆಯ ಪ್ರೇಕ್ಷಕ):
ಪೀಟರ್ ತಂಗರಾಜ್ ಅವರನ್ನೇ ನೋಡಿ. 1935ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ಸೇನೆಗೆ ಸೇರಿ, ಮದ್ರಾಸ್ ರೆಜಿಮೆಂಟಲ್ ಸೆಂಟರ್ ಪರವಾಗಿ ಡ್ಯುರಾಂಡ್ ಕಪ್ ಗೆದ್ದ ಅವರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿದ್ದರು. 1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ನಾವು ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದಾಗ ಗೋಲು ಕಾಯುತ್ತಿದ್ದವರೂ ಅವರೇ. ಕೋಲ್ಕತ್ತದ ಮೂರೂ ದೊಡ್ಡ ಕ್ಲಬ್‌ಗಳಿಗೆ ಆಡಿ, 1967ರಲ್ಲಿ ಅರ್ಜುನ ಪ್ರಶಸ್ತಿ ಪಡೆದು, ಆಟ ನಿಲ್ಲಿಸಿದ ಮೇಲೆ ತರಬೇತುದಾರರಾದರು; 2008ರಲ್ಲಿ ಬೊಕಾರೊದಲ್ಲಿ ತೀರಿಕೊಂಡರು. ಆ ತಲೆಮಾರಿನ ಅನೇಕರಿಗೆ ಆಟದ ಹಿಂದೆ ಒಂದು ನೌಕರಿಯ ಆಸರೆಯಿತ್ತು ಎಂಬುದನ್ನು ಗಮನಿಸಿ. ನಮ್ಮ ಬೆಂಗಳೂರಿನಲ್ಲೂ ಹಾಗೆಯೇ: 1977ರ ಮೊದಲ ಫೆಡರೇಷನ್ ಕಪ್ ಗೆದ್ದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಒಂದು ಕಾರ್ಖಾನೆಯ ತಂಡವೇ ಆಗಿತ್ತು.

ಉತ್ತರ (ಕಂಠೀರವ ಗ್ಯಾಲರಿ):
ಅಂಥ ತಂಡಗಳ ಕಾಲ ಬಹುಮಟ್ಟಿಗೆ ಮುಗಿದಿದೆ. ಈಗ ಇರುವುದು ಕರಾರು ಮಾತ್ರ. ನಾರ್ವೆಯ ಸ್ಟಾಬೆಕ್ ಕ್ಲಬ್‌ನಿಂದ 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ ಗುರ್‌ಪ್ರೀತ್ ಸಿಂಗ್ ಸಂಧು ಅವರಂತೆ ಮೂವತ್ತು ದಾಟಿಯೂ ಆಡುವ ಅವಕಾಶ ಈ ಸ್ಥಾನದಲ್ಲಿದೆ, ನಿಜ. ಆದರೆ ಮೈದಾನಕ್ಕಿಳಿಯುವವನು ಒಬ್ಬನೇ ಆದ್ದರಿಂದ, ಎರಡನೆಯ ಮತ್ತು ಮೂರನೆಯ ಕೀಪರ್ ಒಂದಿಡೀ ಋತುವನ್ನು ಬೆಂಚಿನ ಮೇಲೆಯೇ ಕಳೆಯಬೇಕಾಗಬಹುದು. ತಂದೆ-ತಾಯಿ ಯೋಚಿಸಬೇಕಾದದ್ದು ನಿವೃತ್ತಿಗಿಂತ ಹೆಚ್ಚಾಗಿ ಈ ಕಾಯುವಿಕೆಯನ್ನು ಎಂದು ನನ್ನ ಅನಿಸಿಕೆ.

ಉತ್ತರ (ತರಬೇತುದಾರ):
ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ತರಬೇತುದಾರರು ಬೇಕೇ ಬೇಕಾದ್ದರಿಂದ, ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಗೋಲ್‌ಕೀಪಿಂಗ್ ಲೈಸೆನ್ಸನ್ನು ಆಡುತ್ತಿರುವಾಗಲೇ ಹಂತಹಂತವಾಗಿ ಪಡೆಯುವುದು ಜಾಣತನ. ಬೆರಳು, ಭುಜ, ಮೊಣಕಾಲುಗಳ ಪೆಟ್ಟು ಈ ಸ್ಥಾನದಲ್ಲಿ ತಪ್ಪಿದ್ದಲ್ಲ, ಪದವಿಯನ್ನಂತೂ ಬಿಡಿಸಬೇಡಿ. ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೇಮಕಾತಿ ಈಗಲೂ ಇರುವುದರಿಂದ, ರಾಜ್ಯ ತಂಡಕ್ಕೆ ಆಡಿದ ಪ್ರಮಾಣಪತ್ರಗಳನ್ನೆಲ್ಲ ಜೋಪಾನವಾಗಿಡಲು ಹುಡುಗನಿಗೆ ಈಗಿನಿಂದಲೇ ಹೇಳಿ.