ಪದಚರ್ಚೆ: ವಿಮಾನದ ಪಡಿಯಚ್ಚನ್ನು ‘ಮಾಸಿಸಬಹುದೇ’? ಸಂದು, ಗೀರು, ಬೆಸುಗೆಗಳ ಬಗ್ಗೆಯೂ ಒಂದಿಷ್ಟು

ಗೆಳೆಯರಿಗೆ ನಮಸ್ಕಾರ.

ನನಗೆ ಮೂರು ನಾಲ್ಕು ಪದ ಬೇಕಾಗಿವೆ. ಅದರಲ್ಲಿ ಒಂದು ತುಂಬಾ ಕಾಡುತ್ತಿದೆ. ಪ್ಲಾಸ್ಟಿಕ್ಕಿನಲ್ಲಿ ವಿಮಾನ ಕಟ್ಟುವ ಹವ್ಯಾಸದವರು ಕೊನೆಯಲ್ಲಿ ಒಂದು ಕೆಲಸ ಮಾಡುತ್ತಾರೆ. ಹೊಸದಾಗಿ ಬಣ್ಣ ಬಳಿದ ವಿಮಾನ ನಿಜವಾಗಿ ಹಾರಿ, ಬಿಸಿಲು, ಮಳೆ, ಧೂಳು ಕಂಡ ವಿಮಾನದ ಹಾಗೆ ಕಾಣಬೇಕು. ಅದಕ್ಕೆ ಎಲ್ಲರೂ ‘ವೆದರಿಂಗ್’ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನಬೇಕು? ಹುಡುಕಿದರೆ ‘ಶಿಥಿಲೀಕರಣ’ ಸಿಗುತ್ತದೆ. ಅದನ್ನು ಬರೆಯಲು ನನ್ನ ಕೈ ಒಪ್ಪುತ್ತಿಲ್ಲ.

ಸಂದರ್ಭ ಹೇಳಿಬಿಡುತ್ತೇನೆ. ನಾನು ಮತ್ತು ನಮ್ಮಣ್ಣನ ಮಗಳು ಸೇರಿ ಏಳು ತಿಂಗಳಿಂದ ಒಂದು ಮರುತ್ ಕಟ್ಟುತ್ತಿದ್ದೇವೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ಎಚ್‌ಎಫ್‌-24 ಮರುತ್. ಜರ್ಮನಿಯವರಾದ ಕುರ್ಟ್ ಟ್ಯಾಂಕ್ ಅವರ ತಂಡ ಇಲ್ಲಿಯವರ ಜೊತೆ ಕೂತು ರೂಪಿಸಿದ ಯುದ್ಧವಿಮಾನ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. ನಿಜವಾದ ವಿಮಾನದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ನಮ್ಮದು 1:48ರ ಅಳತೆಯದು. ಉದ್ದ 33 ಸೆಂಟಿಮೀಟರ್, ಅಗಲ 19ಕ್ಕೆ ಸ್ವಲ್ಪ ಕಡಿಮೆ. ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳನ್ನು ಜೋಡಿಸುತ್ತಿಲ್ಲ. ಮರದಲ್ಲಿ ಅಚ್ಚು ಕೆತ್ತಿ, ಅದರ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಹಾಳೆ ಎಳೆದು, ಮೈಯನ್ನು ಎರಡು ಹೋಳಾಗಿ ತೆಗೆದಿದ್ದೇವೆ. ಹುಡುಗಿಗೆ 13 ವರ್ಷ. ಶಾಲೆಯಲ್ಲಿ ಕೈಬರಹದ ಪತ್ರಿಕೆ ತರುತ್ತಾರೆ. ಅದಕ್ಕೆ ಈ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ‘ಚಿಕ್ಕಪ್ಪ, ಇದಕ್ಕೆ ಏನು ಬರೀಲಿ?’ ಅಂತ ದಿನಕ್ಕೆ ಹತ್ತು ಸಲ ಕೇಳುತ್ತಾಳೆ. ಅವಳ ಪ್ರಶ್ನೆಗಳೇ ಈಗ ನಿಮ್ಮ ಮುಂದಿವೆ.

ಮೊದಲು ‘ಮಾದರಿ’. ಎಲ್ಲರೂ ‘ವಿಮಾನದ ಮಾದರಿ’ ಅಂತಲೇ ಬರೆಯುತ್ತಾರೆ. ನಾನೂ ಬರೆಯುತ್ತಿದ್ದೆ. ಈಗ ಅನುಮಾನ ಬಂದಿದೆ. ಮಾದರಿ ಅಂದರೆ ಮೊದಲು ಇರುವುದು, ಅದನ್ನು ನೋಡಿಕೊಂಡು ಬೇರೆಯದನ್ನು ಮಾಡುವುದು ಅಲ್ವಾ? ಮಾದರಿ ಶಾಲೆ, ಮಾದರಿ ಪ್ರಶ್ನೆಪತ್ರಿಕೆ, ‘ಅವರ ಬದುಕು ನಮಗೆ ಮಾದರಿ’ ಎಲ್ಲ ಹಾಗೇ. ಮರುತ್ ಹಾರುವುದಕ್ಕೆ ಎರಡು ವರ್ಷ ಮುಂಚೆ, 1959ರಲ್ಲಿ, ಅದೇ ಆಕಾರದ, ಅದೇ ಗಾತ್ರದ ಒಂದು ಮರದ ಗ್ಲೈಡರ್ ಮಾಡಿದ್ದರು. ಅದಕ್ಕೆ ಎಂಜಿನ್ ಇರಲಿಲ್ಲ. ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೆ ಹೋಗುತ್ತಿತ್ತು. ಗಾಳಿಯಲ್ಲಿ ಆ ಆಕಾರ ಹೇಗೆ ನಡೆದುಕೊಳ್ಳುತ್ತದೆ ಅಂತ ಹಾಗೆ ನೋಡಿದರು. ಆ ಮರದ ವಿಮಾನ ನಿಜಕ್ಕೂ ಮಾದರಿ. ನಾವು ಮಾಡುತ್ತಿರುವುದು ಅದರ ತಿರುಗುಮುರುಗು. ಎಲ್ಲ ಆದ ಮೇಲೆ, ಇದ್ದದ್ದನ್ನು ನೋಡಿಕೊಂಡು ಮಾಡುವ ಪುಟ್ಟ ರೂಪ.

ಅದಕ್ಕೆ ‘ಪಡಿಯಚ್ಚು’ ಅನ್ನೋಣ ಅಂತ ನನ್ನ ಮನಸ್ಸು. ‘ಅವನು ಅವರಪ್ಪನ ಪಡಿಯಚ್ಚು’ ಅನ್ನುತ್ತೇವಲ್ಲ, ಮೂಗು, ನಡಿಗೆ ಎಲ್ಲ ಸೇರಿಸಿ ಹೇಳುವ ಮಾತು ಅದು. ಇಲ್ಲಿ ಬೇಕಾಗಿರುವುದೂ ಅಷ್ಟೇ ನಿಖರತೆ. ಆಟಿಕೆ ಅನ್ನುವ ಹಾಗಿಲ್ಲ, ಬೊಂಬೆಯೂ ಅಲ್ಲ. ಒಂದೇ ತೊಡಕು ಅಂದರೆ, ಪಡಿಯಚ್ಚು ಅಂದಾಗ ಗಾತ್ರ ಸಣ್ಣದು ಅಂತ ಗೊತ್ತಾಗುವುದಿಲ್ಲ. ‘ಕಿರುಪಡಿಯಚ್ಚು’ ಅಂದರೆ ಬಾಯಿಗೆ ಭಾರ. ‘1:48ರ ಪಡಿಯಚ್ಚು’ ಅಂತ ಅಳತೆಯನ್ನೇ ಮುಂದೆ ಹಾಕಿದರೆ ಸಾಕೇ?

(ಒಂದು ಅಡ್ಡಮಾತು. ‘ವಿಮಾನ’ ಅನ್ನುವ ಪದಕ್ಕೆ ದೇವಸ್ಥಾನದ ಗರ್ಭಗುಡಿಯ ಮೇಲಿನ ಕಟ್ಟಡ ಅನ್ನುವ ಅರ್ಥವೂ ಇದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಹೊರಗೋಡೆ ನೋಡಿ. ಗೋಡೆಗಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ದೊಡ್ಡ ಶಿಖರದಲ್ಲಿ ಇರುವ ಅಂತಸ್ತು, ಅಂಚು ಎಲ್ಲವೂ ಗೇಣುದ್ದದ ಕಲ್ಲಿನಲ್ಲಿ ಬಂದಿದೆ. ವಿಮಾನದ ಪಡಿಯಚ್ಚು ಮಾಡುವ ಕೆಲಸ ನಮ್ಮಲ್ಲಿ ಸುಮಾರು ಸಾವಿರ ವರ್ಷದ್ದು! ಆ ಶಿಲ್ಪಿಗಳು ಅದಕ್ಕೆ ಏನನ್ನುತ್ತಿದ್ದರು ಅಂತ ಶಾಸನ ಓದುವವರು ಯಾರಾದರೂ ಹೇಳಿದರೆ ಬಹಳ ಖುಷಿ.)

ಎರಡನೆಯದು ‘ಪ್ಯಾನೆಲ್ ಲೈನ್’. ವಿಮಾನದ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡುಗಳನ್ನು ಜೋಡಿಸಿರುತ್ತಾರೆ. ಒಂದು ತಗಡು ಮುಗಿದು ಇನ್ನೊಂದು ಶುರುವಾಗುವ ಕಡೆ ತೆಳುವಾದ ಒಂದು ಗೆರೆ ಕಾಣುತ್ತದೆ. ಪಡಿಯಚ್ಚಿನ ಮೇಲೂ ಅದು ಬರಬೇಕು. ನಾನು ‘ಗೆರೆ’ ಅಂತಲೇ ಹೇಳಿಕೊಟ್ಟಿದ್ದೆ. ನಮ್ಮ ಬೀದಿಯಲ್ಲಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ತಗಡಿನ ಕೆಲಸ ಮಾಡಿದವರು. ಒಂದು ಸಂಜೆ ಬಂದು, ಕನ್ನಡಕ ಮೇಲೆ ಸರಿಸಿ, ನಮ್ಮ ರೆಕ್ಕೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ‘ಗೆರೆ ಅಲ್ಲಮ್ಮ ಇದು, ಸಂದು. ಗೆರೆ ಎಳೆಯೋದು ಪೆನ್ಸಿಲ್‌ನಲ್ಲಿ. ಎರಡು ತಗಡು ಇದ್ರೆ ತಾನೇ ಸಂದು ಇರೋದು?’ ಅಂದರು.

ಆ ಮಾತು ನನ್ನ ತಲೆಯಲ್ಲೇ ಕೂತಿತು. ಹಲ್ಲಿನ ಸಂದು, ಕಲ್ಲಿನ ಸಂದು, ಸಂದುಗೊಂದು. ಎರಡು ವಸ್ತು ಪಕ್ಕಪಕ್ಕ ಇದ್ದರೆ ಮಾತ್ರ ಸಂದು. ನಿಜವಾದ ವಿಮಾನಕ್ಕೆ ಅದೇ ಸರಿಯಾದ ಪದ. ಆದರೆ ನಮ್ಮ ಪ್ಲಾಸ್ಟಿಕ್ ರೆಕ್ಕೆಯ ಮೇಲ್ಮೈ ಒಂದೇ ಹಾಳೆ. ಅಲ್ಲಿ ಎರಡು ತಗಡಿಲ್ಲ. ನಾವು ಸೂಜಿಯಿಂದ ಕೊರೆದು, ಸಂದು ಇದೆ ಅನ್ನಿಸುವ ಹಾಗೆ ಮಾಡುತ್ತೇವೆ. ಹಾಗಾದರೆ ಅದು ‘ಗೀರು’ ಅಲ್ಲವೇ?

ಈ ಗೀರು ಹಾಕುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು. ರೆಕ್ಕೆಯ ಮೇಲೆ ದಪ್ಪ ಟೇಪು ಅಂಟಿಸಿ, ಅದರ ಅಂಚಿಗೆ ಸೂಜಿ ಒರಗಿಸಿ ಎಳೆಯಬೇಕು. ಮೊದಲ ಸಲ ಒತ್ತಲೇಬಾರದು, ಸುಮ್ನೆ ಸೂಜಿಯ ತೂಕದಲ್ಲಿ ಎಳೆಯಬೇಕು. ಎರಡನೇ ಸಲ ಸ್ವಲ್ಪ ಬಿಗಿ. ಮೂರನೇ ಸಲಕ್ಕೆ ಪ್ಲಾಸ್ಟಿಕ್ಕು ಕೂದಲೆಳೆಯಷ್ಟು ತೆಳುವಾಗಿ ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ. ಆಗ ‘ಕಿರ್’ ಅಂತ ಸಣ್ಣ ಸದ್ದು. ಹುಡುಗಿ ಆ ಹೊತ್ತಿಗೆ ಉಸಿರು ಬಿಗಿಹಿಡಿದಿರುತ್ತಾಳೆ. ಗೀರಿನ ಅಗಲ ಸುಮಾರು 0.15 ಮಿಲಿಮೀಟರ್. 48ರಿಂದ ಗುಣಿಸಿ ನೋಡಿ, 7 ಮಿಲಿಮೀಟರ್ ದಾಟುತ್ತದೆ. ನಿಜವಾದ ವಿಮಾನದಲ್ಲಿ ಅಷ್ಟು ದೊಡ್ಡ ಸಂದು ಬಿಟ್ಟರೆ ಯಾರೂ ಒಪ್ಪುವುದಿಲ್ಲ. 2 ಮಿಲಿಮೀಟರಿನ ಸಂದನ್ನು ನಮ್ಮ ಅಳತೆಗೆ ಇಳಿಸಿದರೆ 0.04 ಆಗುತ್ತದೆ, ಕಣ್ಣಿಗೇ ಕಾಣುವುದಿಲ್ಲ. ಅಂದರೆ ನಾವು ಹಾಕುವ ಗೀರು ಅಳತೆಯದ್ದಲ್ಲ, ಕಣ್ಣಿಗಾಗಿ ಹಾಕುವುದು. ಅದಕ್ಕೇ ವಿಮಾನದ್ದು ಸಂದು, ಪಡಿಯಚ್ಚಿನದ್ದು ಗೀರು ಅಂತ ಎರಡು ಪದ ಇಟ್ಟುಕೊಂಡರೆ ಚೆನ್ನ ಅನ್ನಿಸುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ನಮಗೆ ಬೇರೆ ಬೇರೆ ಇದ್ದರೆ ಓದುವ ಮಗುವಿಗೆ ವಿಷಯವೂ ಜೊತೆಯಲ್ಲೇ ತಿಳಿಯುತ್ತದೆ.

ಇದರ ಬೆನ್ನಿಗೇ ಇನ್ನೊಂದು ಬರುತ್ತದೆ. ಪಡಿಯಚ್ಚಿಗೂ ತನ್ನದೇ ಆದ ನಿಜವಾದ ಸಂದು ಇದೆ. ಮೈಯ ಎಡಹೋಳು, ಬಲಹೋಳು ಕೂಡುವ ಜಾಗ. ಅದು ಮಾತ್ರ ಕಾಣಲೇಬಾರದು! ಇಲ್ಲದ ಸಂದನ್ನು ಕೊರೆದು ತೋರಿಸಬೇಕು, ಇರುವ ಸಂದನ್ನು ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಬೇಕು. ಈ ಕೂಡುವ ಜಾಗಕ್ಕೆ ‘ಬೆಸುಗೆ’ ಅನ್ನಬಹುದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಯಾಕೆಂದರೆ ಇಲ್ಲಿ ಹಾಕುವುದು ಅಂಟಲ್ಲ. ಆ ದ್ರವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಎರಡೂ ಅಂಚು ಮೆತ್ತಗಾಗಿ, ಒತ್ತಿ ಹಿಡಿದಾಗ ಒಂದರೊಳಗೊಂದು ಬೆರೆತು, ಸಣ್ಣಗೆ ಮಣಿಯ ಹಾಗೆ ಉಬ್ಬಿ ಹೊರಗೆ ಬರುತ್ತದೆ. ಒಣಗಿದ ಮೇಲೆ ಅಲ್ಲಿ ಎರಡು ಹೋಳು ಇರುವುದೇ ಇಲ್ಲ. ಇದು ಅಂಟಿಸಿದ್ದಲ್ಲ, ಬೆಸೆದದ್ದು. ಅಂಗಡಿಯಲ್ಲಿ ಕೇಳುವಾಗ ‘ಗಮ್’ ಅನ್ನಿ, ಪರವಾಗಿಲ್ಲ. ಬರೆಯುವಾಗ ಬೆಸುಗೆ.

ಈಗ ವೆದರಿಂಗ್‌ಗೆ ಬರುತ್ತೇನೆ.

ಶಿಥಿಲೀಕರಣ ಭೂಗೋಳದ ಪಾಠದ ಪದ. ಬಂಡೆ ಬಿಸಿಲು ಮಳೆಗೆ ಬಿರುಕು ಬಿಟ್ಟು ಪುಡಿಯಾಗುವುದಕ್ಕೆ ಅಲ್ಲಿ ಸರಿಯಾಗಿದೆ. ಆದರೆ ಶಿಥಿಲ ಅಂದರೆ ಈಗಲೋ ಆಗಲೋ ಬೀಳುವಂಥದ್ದು. ಶಿಥಿಲವಾದ ಶಾಲೆ, ಶಿಥಿಲವಾದ ಸೇತುವೆ. 1971ರ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಕಡೆ ಹಾರಿದ ಮರುತ್‌ಗಳ ಮೇಲೆ ಧೂಳು ಕೂತಿತ್ತು ಅನ್ನಿ, ಒಪ್ಪುತ್ತೇನೆ. ಶಿಥಿಲವಾಗಿದ್ದವು ಅಂದರೆ ಒಪ್ಪಲಾರೆ. ಶಿಥಿಲವಾದ ವಿಮಾನವನ್ನು ಯಾರು ಹಾರಿಸುತ್ತಾರೆ?

ಗೆಳೆಯರೊಬ್ಬರು ‘ತುಕ್ಕು ಹಿಡಿಸುವುದು’ ಅಂತ ಬರೆದಿದ್ದನ್ನು ನೋಡಿದೆ. ಅದು ತಪ್ಪು. ವಿಮಾನದ ಮೈ ಅಲ್ಯೂಮಿನಿಯಂ, ಅದಕ್ಕೆ ಕಬ್ಬಿಣದ ಕೆಂಪು ತುಕ್ಕು ಬರುವುದಿಲ್ಲ. ಬಣ್ಣ ಹೋದರೆ ಒಳಗಿಂದ ಬೆಳ್ಳಗಿನ ಲೋಹ ಕಾಣುತ್ತದೆ ಅಷ್ಟೇ. ‘ಹಳತಾಗಿಸು’ ಅನ್ನುವುದೂ ಸರಿಬರದು. ಮರಳುಗಾಡಿನಲ್ಲಿ ಒಂದೇ ವಾರ ಹಾರಿದ ಹೊಸ ವಿಮಾನವೂ ಹೀಗೆ ಆಗಬಹುದಲ್ಲ.

ನನಗೆ ಹಿಡಿಸಿರುವುದು ‘ಮಾಸು’. ಬಟ್ಟೆ ಮಾಸುತ್ತದೆ, ಗೋಡೆ ಮಾಸುತ್ತದೆ, ಗಾಯದ ಗುರುತು ಮಾಸುತ್ತದೆ, ನೆನಪೂ ಮಾಸುತ್ತದೆ. ಕೊಳೆಯಾಗುವುದು, ಬಣ್ಣ ಮಂಕಾಗುವುದು ಎರಡೂ ಈ ಒಂದೇ ಪದದಲ್ಲಿವೆ. ಮಾಸಿದ ಅಂಗಿ ಹರಿದ ಅಂಗಿಯಲ್ಲ, ಇನ್ನೂ ತೊಡಬಹುದು. ವಿಮಾನಕ್ಕೂ ಬೇಕಾಗಿರುವುದು ಅದೇ ಅರ್ಥ.

ತೊಂದರೆ ಇರುವುದು ವ್ಯಾಕರಣದಲ್ಲಿ. ಮಾಸು ತಾನಾಗಿ ಆಗುವ ಕೆಲಸ. ನಾವು ಬೇಕಂತಲೇ ಮಾಡಿಸುವುದು. ಒಣಗು ಒಣಗಿಸು ಆಗುತ್ತದೆ, ಸೊಪ್ಪನ್ನು ಬಾಡಿಸುತ್ತೇವೆ. ಹಾಗೆಯೇ ‘ಮಾಸಿಸು’ ಅನ್ನಬಹುದೇ? ಎರಡು ಸಕಾರ ಒಟ್ಟಿಗೆ ಬಂದು ಕಿವಿಗೆ ಸ್ವಲ್ಪ ಒರಟು. ಅಣ್ಣನ ಮಗಳು ಮಾತ್ರ ಯಾವ ಹಿಂಜರಿಕೆಯೂ ಇಲ್ಲದೆ ‘ಚಿಕ್ಕಪ್ಪ, ಎಡಗಡೆ ರೆಕ್ಕೆ ಮಾಸಿಸಿ ಆಯ್ತು’ ಅನ್ನುತ್ತಾಳೆ. ‘ಮಾಸಲು ಬಣ್ಣ’ ಅನ್ನುವ ಬಳಕೆ ಹೇಗೂ ಇದೆ. ಅದನ್ನು ಹಿಡಿದು ‘ಮಾಸಲು ಮಾಡು’ ಅನ್ನಬಹುದೋ? ಇನ್ನೊಂದು ಅನುಮಾನ. ಹಳ್ಳಿ ಕಡೆ ಹಸು ಕರು ಹಾಕಿದ ಮೇಲೆ ಬೀಳುವುದಕ್ಕೂ ಮಾಸು ಅನ್ನುತ್ತಾರೆ. ಸಂದರ್ಭ ಬೇರೆಯಾದ್ದರಿಂದ ಗೊಂದಲ ಆಗಲಾರದು ಅಂದುಕೊಂಡಿದ್ದೇನೆ.

ಮಾಸು ದೊಡ್ಡ ಕೊಡೆ ಅಂತ ಇಟ್ಟುಕೊಂಡರೆ, ಅದರ ಕೆಳಗೆ ನಮ್ಮಲ್ಲಿ ಎಷ್ಟು ಪದಗಳಿವೆ ನೋಡಿ! ಸುಣ್ಣ ಗೋಡೆಯಿಂದ ಏಳುವ ಹಾಗೆ ಬಣ್ಣ ಅಲ್ಲಲ್ಲಿ ಹೋದರೆ ‘ಚಕ್ಕೆ ಏಳುವುದು’. ಇದನ್ನು ಸ್ಪಂಜಿನ ಚೂರಿಗೆ ಬೆಳ್ಳಿಬಣ್ಣ ಮೆತ್ತಿ, ಕಾಗದಕ್ಕೆ ಒತ್ತಿ ಜಾಸ್ತಿ ಇದ್ದದ್ದನ್ನು ತೆಗೆದು, ಆಮೇಲೆ ಮೆಲ್ಲಗೆ ತಾಗಿಸಿ ಮಾಡುತ್ತೇವೆ. ಕೆಲಸಗಾರರು ಹತ್ತಿ ಇಳಿಯುವ ಕಡೆ ‘ಸವಕಲು’, ದೇವಸ್ಥಾನದ ಮೆಟ್ಟಿಲು ಸವೆದ ಹಾಗೆ. ಬಿಸಿಲಿಗೆ ‘ಬಿಳಿಚಿಕೊಳ್ಳುವುದು’. ಚಕ್ರದ ಕಾಲಿನ ಹತ್ತಿರ ‘ಜಿಡ್ಡು’. ಮರುತ್‌ನ ಮೂಗಿನ ಇಕ್ಕೆಲದಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು. ಅವುಗಳ ಬಾಯಿಯ ಹಿಂದೆ ‘ಮಸಿ’. ಪೆನ್ಸಿಲ್ಲಿನ ಸೀಸ ಪುಡಿ ಮಾಡಿ, ಒಣ ಕುಂಚದಲ್ಲಿ ಹಿಂದಕ್ಕೆ ಎಳೆದರೆ ಅಡುಗೆಮನೆ ಗೋಡೆಯ ಮಸಿ ಹಾಗೇ ಬರುತ್ತದೆ. ಒಂದೊಂದು ಗುರುತಿಗೂ ಒಂದೊಂದು ಕಾರಣ, ಒಂದೊಂದು ಪದ. ಇಷ್ಟೆಲ್ಲ ಇಟ್ಟುಕೊಂಡು ಶಿಥಿಲೀಕರಣ ಅಂತ ಮಗುವಿನ ಕೈಲಿ ಬರೆಸುವುದಕ್ಕೆ ನನಗೆ ಮನಸ್ಸು ಬರುತ್ತಿಲ್ಲ.

ಗೀರುಗಳ ಒಳಗೆ ನೀರಾದ ಕಪ್ಪುಬಣ್ಣ ಬಿಡುವುದಕ್ಕೆ ‘ವಾಶ್’ ಅನ್ನುತ್ತಾರೆ. ಕುಂಚದ ತುದಿ ತಾಗಿಸಿದರೆ ಸಾಕು, ಬಣ್ಣ ತಾನೇ ಗೀರಿನುದ್ದಕ್ಕೂ ಓಡುತ್ತದೆ. ಮೊದಲು ‘ಇಂಗಿಸು’ ಅಂದುಕೊಂಡೆ. ಆದರೆ ಇಂಗುವುದು ಮಣ್ಣಿನಲ್ಲಿ, ಬಟ್ಟೆಯಲ್ಲಿ. ಪ್ಲಾಸ್ಟಿಕ್ಕು ಏನನ್ನೂ ಹೀರಿಕೊಳ್ಳುವುದಿಲ್ಲ. ‘ಬಣ್ಣ ಹರಿಸು’ ಸಾಕು ಅನ್ನಿಸುತ್ತದೆ. ಕಾಲುವೆಯಲ್ಲಿ ನೀರು ಹರಿಸಿದ ಹಾಗೆ.

ಹೆಸರಿನ ಬಗ್ಗೆಯೂ ಒಂದು ಮಾತು. ‘ಮಾರುತ್’ ಅಂತ ಬರೆಯುವವರಿದ್ದಾರೆ. ನಮಗೆ ಚಂಡಮಾರುತ ರೂಢಿ ಇರುವುದರಿಂದ ಹಾಗಾಗುತ್ತದೆ. ಸಂಸ್ಕೃತದ ಮೂಲ ಪದ ಮರುತ್, ಆದ್ದರಿಂದ ಪೀಠದ ಮೇಲಿನ ಫಲಕಕ್ಕೆ ನಾನು ‘ಮರುತ್’ ಅಂತಲೇ ಬರೆಸುತ್ತಿದ್ದೇನೆ. ಬೇರೆ ಅಭಿಪ್ರಾಯ ಇದ್ದರೆ ಫಲಕಕ್ಕೆ ಬಣ್ಣ ಹಾಕುವ ಮುಂಚೆ ಹೇಳಿ.

ಕಳೆದ ಭಾನುವಾರ ಇಬ್ಬರೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕೆ ಹೋಗಿದ್ದೆವು. ಅಲ್ಲಿ ಒಂದು ಮರುತ್ ಇಟ್ಟಿದ್ದಾರೆ. ಹುಡುಗಿ ನೋಟ್‌ಬುಕ್ ಹಿಡಿದು ರೆಕ್ಕೆಯ ಕೆಳಗೆ ಕತ್ತೆತ್ತಿ ನೋಡುತ್ತಾ ಸಂದುಗಳನ್ನು ಎಣಿಸುತ್ತಿದ್ದಳು. ಎರಡು ತಗಡು ಪಕ್ಕಪಕ್ಕ ಕೂಡದೆ ಒಂದರ ಮೇಲೊಂದು ಹತ್ತಿ ಕೂತಿರುವುದು ಅವಳ ಕಣ್ಣಿಗೆ ಬಿತ್ತು. ಅಲ್ಲಿ ಗೀರು ಕೊರೆದರೆ ಆಗುವುದಿಲ್ಲ, ತೆಳುವಾದ ಒಂದು ಮೆಟ್ಟಿಲು ಬರಬೇಕು. ‘ಇದೂ ಸಂದೇನಾ?’ ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ. ಹೆಂಚು ಹೊದಿಸುವವರು, ಡಬ್ಬ ಬೆಸೆಯುವವರು, ದೋಣಿ ಕಟ್ಟುವವರು ಒಂದರ ಅಂಚಿನ ಮೇಲೆ ಇನ್ನೊಂದನ್ನು ಹತ್ತಿಸಿದ್ದಕ್ಕೆ ಏನೋ ಒಂದು ಮಾತು ಇಟ್ಟುಕೊಂಡೇ ಇರುತ್ತಾರೆ. ಕರಾವಳಿಯವರು, ಬಡಗಣ ಕರ್ನಾಟಕದವರು ದಯವಿಟ್ಟು ನಿಮ್ಮ ಕಡೆಯ ಪದ ತಿಳಿಸಿ. ಅವಳ ನೋಟ್‌ಬುಕ್ಕಿನಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇವೆ.